ದಕ್ಷಿಣಕ್ಕೆ ಎಂಟು ಪ್ಯಾನಲ್

ಮಾರ್ಚ್ 3, ಭಾನುವಾರ

ಇವತ್ತು ಆರು ಸಲ ಕರೆಂಟು ಹೋಯಿತು. ಆರನೆಯ ಸಲ ಹೋದಾಗ ನಮ್ಮ ದೊರೆ ಟಿ.ವಿ. ರಿಮೋಟನ್ನು ಎತ್ತಿ ಗೋಡೆಗೆ ಬಡಿದ. ಸೆಲ್ಲುಗಳು ಎರಡೂ ಸೋಫಾದ ಕೆಳಗೆ ಉರುಳಿದವು. ರಿಮೋಟು ಏನು ಪಾಪ ಮಾಡಿತ್ತು? ಮೂವತ್ತೆಂಟು ವರ್ಷದ ಗಂಡಸು, ಗೋದಾಮಿನಲ್ಲಿ ಇಪ್ಪತ್ತು ಜನರ ಮೇಲೆ ಸೂಪರ್‌ವೈಸರ್, ಮನೆಗೆ ಬಂದರೆ ಹಾಲುಗಲ್ಲದ ಮಗು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರಲ್ಲ, ನನಗೆ ಈ ಹೆಗ್ಗಣದ ಕೋಪವೂ ಮುದ್ದೇ. ಅವರಪ್ಪನದೂ ಇದೇ ಕೈ. ನಾನೇನು ಸತ್ತೆನೇ?

ಕತ್ತಲಲ್ಲೇ ಕೂತು ಘೋಷಿಸಿದ: ತಾರಸಿಯ ಮೇಲೆ ಸೋಲಾರ್ ಹಾಕಿಸುವುದು. ಮನೆ, ಮೀಟರು ಎರಡೂ ನನ್ನ ಹೆಸರಿನಲ್ಲಿವೆ. ಆದ್ದರಿಂದ ಸಹಿ ನನ್ನದು, ತೀರ್ಮಾನ ಅವನದು.

"ರೋಡ್ ಕಡೆಗೇ ಹಾಕಿಸ್ತೀನಮ್ಮ. ಹೋಗೋರು ಬರೋರು ಎಲ್ಲಾ ನೋಡ್ಬೇಕು," ಅಂದ.

ಅಡುಗೆಮನೆಯಿಂದ ಸೊಸೆಯ ದನಿ ಬಂತು. "ರೋಡ್ ಉತ್ತರಕ್ಕಿದೆಯಲ್ವಾ? ಬಿಸಿಲು ಬರೋದು ದಕ್ಷಿಣದಿಂದ."

ಮಹಾರಾಯಿತಿ ಮದುವೆಗೆ ಮುಂಚೆ ಮನೆ ಕಟ್ಟುವ ಕಂಪನಿಯೊಂದರಲ್ಲಿ ನಕ್ಷೆ ಬರೆಯುತ್ತಿದ್ದಳು. ನಮ್ಮವನು ಕೆಲಸ ಬಿಡಿಸಿ ನಾಲ್ಕು ವರ್ಷವಾಯಿತು, ಚಟ ಬಿಟ್ಟಿಲ್ಲ. "ಬಾಯಿ ಮುಚ್ಕೊಂಡು ಒಲೆ ನೋಡು" ಎಂದ. ಮುಚ್ಚಿಕೊಂಡಳು. ಇಷ್ಟು ಬೇಗ ಮುಚ್ಚಿಕೊಳ್ಳುವವಳು ತೆರೆಯುವುದಾದರೂ ಯಾಕೆ?

ಮಾರ್ಚ್ 5, ಮಂಗಳವಾರ

ಸೋಲಾರ್ ಕಂಪನಿಯವನು ಅಳತೆಗೆ ಬಂದಿದ್ದ. ಮಾತು ಮಾತಿಗೂ ಬಿಸಿಲು, ಬಿಸಿಲು ಎನ್ನುತ್ತಾನೆ. ನಾನು ಬಿಸಿಲಪ್ಪ ಎಂದು ಹೆಸರಿಟ್ಟೆ.

"ಮನೆಯಲ್ಲಿ ಫ್ಯಾನು ಎಷ್ಟು ಸರ್? ಪಂಪು ದಿನಕ್ಕೆ ಎಷ್ಟು ಹೊತ್ತು ಓಡುತ್ತೆ? ತಿಂಗಳಿಗೆ ಎಷ್ಟು ಯೂನಿಟ್?" ಎಂದು ಕೇಳಿದ. ದೊರೆಗೆ ಒಂದೂ ಗೊತ್ತಿಲ್ಲ. "ಎಲ್ಲರ ಮನೆಯಲ್ಲಿ ಇರೋಷ್ಟು" ಅಂದ. ಆಗ ಸೊಸೆ ಒಂದು ನೋಟ್‌ಬುಕ್ ತಂದು ಮೇಜಿನ ಮೇಲಿಟ್ಟಳು. ಹನ್ನೆರಡು ತಿಂಗಳ ಯೂನಿಟ್, ಒಂದೊಂದು ಬಲ್ಬಿನ ವ್ಯಾಟ್, ಕೊನೆಯ ಪುಟದಲ್ಲಿ ತಾರಸಿಯ ನಕ್ಷೆ. ನೀರಿನ ಟ್ಯಾಂಕಿನ ನೆರಳು ರೋಡ್ ಕಡೆಗೆ ಬೀಳುವುದನ್ನು ಪೆನ್ಸಿಲಿನಲ್ಲಿ ಮಸುಕು ಮಾಡಿ ತೋರಿಸಿದ್ದಳು. ಹಿತ್ತಲ ಕಡೆ ದಕ್ಷಿಣಕ್ಕೆ ಮುಖ ಮಾಡಿ ಎಂಟು ಪ್ಯಾನಲ್.

ಬಿಸಿಲಪ್ಪ ಕಣ್ಣರಳಿಸಿದ. "ನನ್ನ ಕೆಲಸ ಎಲ್ಲಾ ನೀವೇ ಮಾಡ್ಬಿಟ್ಟಿದ್ದೀರಲ್ಲ ಮೇಡಂ! ಸರ್, ರೋಡ್ ಕಡೆ ಬೇಡವೇ ಬೇಡ. ಮೇಡಂ ಹೇಳಿದ್ದೇ ಸರಿ."

ನಮ್ಮವನು ನಕ್ಕ. ಆ ನಗು ನನಗೆ ಗೊತ್ತು. ಬಿಸಿಲಪ್ಪ ಗೇಟು ದಾಟುವ ಮೊದಲೇ ನಾನು ಎದ್ದು ಹೋಗಿ ಸಣ್ಣ ಪಾತ್ರೆಯಲ್ಲಿ ನೀರು ಕುದಿಯಲು ಇಟ್ಟೆ. ಸೂಜಿ, ಕತ್ತರಿ, ಇಕ್ಕಳ ಅದಕ್ಕೆ ಹಾಕಿದೆ. ಮೂವತ್ತೊಂದು ವರ್ಷ ಆಸ್ಪತ್ರೆಯ ಡ್ರೆಸಿಂಗ್ ರೂಮಿನಲ್ಲಿ ನರ್ಸಾಗಿ ದುಡಿದವಳು. ಮೊದಲೇ ತಯಾರಿರುವುದು ಅಭ್ಯಾಸ.

ಸ್ಟೀಲ್ ಚೊಂಬು ಸೊಸೆಯ ಎಡ ಹುಬ್ಬಿಗೆ ಬಿತ್ತು. ರಕ್ತ ಕಣ್ಣೊಳಗೆ ಇಳಿದು, ಗಲ್ಲದಿಂದ ತೊಟ್ಟಿಕ್ಕಿ, ನೋಟ್‌ಬುಕ್ಕಿನ ಮೇಲೆಲ್ಲ ಆಯಿತು. ಮೂರು ಹೊಲಿಗೆ. ಮರಗಟ್ಟಿಸುವ ಇಂಜೆಕ್ಷನ್ ಮನೆಯಲ್ಲಿಲ್ಲ. ಬಾಯಿಗೆ ಟವೆಲ್ ಕೊಟ್ಟೆ, ಕಚ್ಚಿಕೊಂಡಳು. ನನ್ನ ಹೊಲಿಗೆಯ ಗುರುತು ಉಳಿಯುವುದಿಲ್ಲ, ದೊಡ್ಡ ಡಾಕ್ಟರೇ ಹೊಗಳುತ್ತಿದ್ದರು. ಇದೂ ಹುಬ್ಬಿನ ಕೂದಲಲ್ಲಿ ಮುಚ್ಚಿಹೋಗುತ್ತದೆ. ಆಸ್ಪತ್ರೆಗೆ ಹೋದರೆ ನೂರೆಂಟು ಪ್ರಶ್ನೆ. ಮನೆಯ ಮಾತು ಮನೆಯಲ್ಲಿರಬೇಕು.

ಮಾರ್ಚ್ 6, ಬುಧವಾರ

ಅವಳ ಕಣ್ಣು ಊದಿ ಮುಚ್ಚಿದೆ. ಐಸ್ ಇಡೋಣವೆಂದರೆ ಕರೆಂಟಿಲ್ಲದೆ ಫ್ರಿಜ್ಜಿನ ನೀರು ನೀರಾಗಿಯೇ ಇದೆ. ಸೋಲಾರ್ ಬೇಗ ಬಂದರೆ ಒಳ್ಳೆಯದು.

ಮಾರ್ಚ್ 10, ಭಾನುವಾರ

ಬೆಳಿಗ್ಗೆ ಹುಬ್ಬಿನ ಹೊಲಿಗೆ ಬಿಚ್ಚಿದೆ. ಚೆನ್ನಾಗಿ ಕೂಡಿದೆ.

ಟ್ಯಾಂಕಿನ ನೆರಳು ಗಂಟೆ ಗಂಟೆಗೆ ಎಲ್ಲಿ ಬೀಳುತ್ತದೆ ಎಂದು ನೆಲದ ಮೇಲೆ ಗೆರೆ ಹಾಕಿಡಲು ಬಿಸಿಲಪ್ಪ ಹೇಳಿದ್ದನಂತೆ. ದೊರೆ ಭಾನುವಾರವೂ ಗೋದಾಮಿಗೆ ಹೋಗಿದ್ದ. ಸೊಸೆ ಸೀಮೆಸುಣ್ಣ ಹಿಡಿದು ತಾರಸಿ ಹತ್ತಿದಳು, ನಾನು ಮೆಟ್ಟಿಲ ಬಾಗಿಲ ಬಳಿ ಮೊಣಕಾಲು ನೀವಿಕೊಳ್ಳುತ್ತಾ ಕೂತೆ. "ನೋಡಿ ಅತ್ತೆ, ಒಂಬತ್ತಕ್ಕೆ ಇಲ್ಲಿತ್ತು, ಹನ್ನೊಂದಕ್ಕೆ ಇಲ್ಲಿಗೆ ಬಂತು. ಒಂದು ಪ್ಯಾನಲ್‌ನ ಮೂಲೆ ಮೇಲೆ ನೆರಳು ಬಿದ್ರೂ ಸಾಕು, ಅದರ ಜೊತೆ ಪೋಣಿಸಿದ ಮಿಕ್ಕವೂ ಸೊರಗ್ತವೆ," ಎಂದಳು. ಈ ಮನೆಗೆ ಬಂದ ಮೇಲೆ ಅವಳು ಇಷ್ಟು ಮಾತಾಡಿದ್ದು ನಾನು ಕೇಳಿಲ್ಲ. ನನಗೂ ಅರ್ಥವಾಯಿತು. ಒಂದು ಗಂಟೆಯ ಗೆರೆ ನಾನೇ ಹಾಕಿದೆ, ಸೊಟ್ಟಗಾಯಿತು. ನಕ್ಕು ತಿದ್ದಿದಳು.

ಎರಡಕ್ಕೆ ಅವನು ಬಂದ. ಗೋದಾಮಿನಲ್ಲಿ ಯಾರ ಹತ್ತಿರವೋ ಬೈಸಿಕೊಂಡು ಬಂದಿದ್ದಿರಬೇಕು, ಮುಖ ಕೆಂಡವಾಗಿತ್ತು. "ಯಾರನ್ನ ಕೇಳ್ಕೊಂಡು ಗೀಚಿದೆ? ಒರೆಸು. ಕೈಯಲ್ಲೇ ಒರೆಸು," ಅಂದ. ಸುಡುವ ನೆಲದ ಮೇಲೆ ಮೊಣಕಾಲೂರಿ ಅಂಗೈಯಿಂದ ಒರೆಸಿದಳು. ಒಂದು ಗಂಟೆಯ ಗೆರೆಗೆ ಬಂದಾಗ ಅವಳ ಕೈ ಮೇಲೆ ಕಾಲಿಟ್ಟು ನಿಂತ. ಚಪ್ಪಲಿಯಲ್ಲ, ಗೋದಾಮಿನ ಬೂಟು, ಮುಂದುಗಡೆ ಕಬ್ಬಿಣ. ಹೆಬ್ಬೆರಳು ಲಟಕ್ಕೆಂದದ್ದು ನನಗೆ ಕೇಳಿಸಿತು.

ಕಟ್ಟು ಹಾಕಲು ಪಟ್ಟಿ ಬೇಕಿತ್ತು. ಅವಳ ಮರದ ಸ್ಕೇಲನ್ನೇ ಎರಡು ತುಂಡು ಮಾಡಿದೆ.

ಎರಡು ಕೈ ಸೇರಿದರೆ ತಾನೇ ಚಪ್ಪಾಳೆ ಎಂದು ಬರೆಯಲು ಹೊರಟಿದ್ದೆ. ಒಂದು ಕೈ ಬೂಟಿನ ಕೆಳಗಿತ್ತು.

ಮಾರ್ಚ್ 16, ಶನಿವಾರ

ಬಿಸಿಲಪ್ಪ ಏನೋ ಕೇಳಲು ಫೋನ್ ಮಾಡಿದ, ಅವಳು ಎತ್ತಿದಳು. ಇಷ್ಟೇ ನಡೆದದ್ದು. ದೊರೆ ಪಕ್ಕದ ಕೋಣೆಯಲ್ಲಿ ಬಟ್ಟೆ ಬದಲಿಸುತ್ತಿದ್ದ.

"ಅವನ ಹತ್ರ ಏನೇ ನಿನ್ನ ಮಾತು? ನನಗೆ ಗೊತ್ತಿಲ್ಲದ್ದು ಅವನಿಗೆ ಹೇಳ್ಕೊಡ್ತೀಯಾ?"

ಫೋನು ನೆಲಕ್ಕೆ ಬಿತ್ತು, ಅದರ ಮೇಲೆ ಬೂಟು. ಆಮೇಲೆ ಅವಳ ಜಡೆಯನ್ನು ಮುಷ್ಟಿಗೆ ಸುತ್ತಿಕೊಂಡು ಅಡುಗೆಮನೆಯ ಬಾಗಿಲ ಚೌಕಟ್ಟಿಗೆ ತಲೆ ಗುದ್ದಿದ. ಒಂದು ಸಲ. ಎರಡು ಸಲ. ಮೂರನೆಯ ಸಲಕ್ಕೆ ಎಳೆದಾಗ ನಾನು "ಸಾಕು ಕಣೋ, ಸತ್ತೋಗ್ತಾಳೆ" ಎಂದು ಅವನ ತೋಳಿಗೆ ಜೋತುಬಿದ್ದೆ. ಮೊಣಕೈ ಬೀಸಿದ. ನನ್ನ ಕೆಳತುಟಿ ಒಡೆಯಿತು, ಒಂದು ಹಲ್ಲು ಅಲ್ಲಾಡುತ್ತಿದೆ. ಬೇಕೆಂದು ಹೊಡೆದದ್ದಲ್ಲ. ಅಡ್ಡ ಹೋದದ್ದು ನಾನು.

ನೆತ್ತಿಯ ಬಲಕ್ಕೆ ಏಳು ಹೊಲಿಗೆ ಬೇಕಾಯಿತು. ನಾಲ್ಕಕ್ಕೇ ದಾರ ಮುಗಿಯಿತು. ಗಾಯಕ್ಕೆ ಬಟ್ಟೆ ಒತ್ತಿ ಹಿಡಿದುಕೊಳ್ಳಲು ಹೇಳಿ ಮೆಡಿಕಲ್ ಶಾಪಿಗೆ ಓಡಿದೆ. ಅಂಗಡಿಯವನು ನನ್ನನ್ನು ಆಸ್ಪತ್ರೆಯ ಕಾಲದಿಂದ ಬಲ್ಲ.

"ಏನ್ ಸಿಸ್ಟರ್, ರಿಟೈರ್ ಆದ್ಮೇಲೂ ಪ್ರಾಕ್ಟೀಸಾ?"

"ನಾಯಿಗೆ ಕಣಪ್ಪ."

"ನಾಯಿ ಯಾವಾಗ ಸಾಕಿದ್ರಿ? ತುಟಿಗೇನಾಯ್ತು? ಅದೇ ಕಚ್ತಾ?"

"ಹೂಂ, ಅದೇ" ಎಂದೆ. ನಾನು ನಾಯಿ ಎಂದದ್ದು ಹೊಡೆಸಿಕೊಂಡವಳಿಗೋ ಹೊಡೆದವನಿಗೋ ಎಂದು ದಾರಿಯುದ್ದಕ್ಕೂ ತಲೆ ಕೊರೆಯಿತು. ಉಳಿದ ಮೂರು ಹೊಲಿಗೆ ಹಾಕುವಾಗ ಜೀವನದಲ್ಲಿ ಮೊದಲ ಸಲ ಒಂದು ಹೊಲಿಗೆ ಸೊಟ್ಟಗಾಯಿತು, ಬಿಚ್ಚಿ ಮತ್ತೆ ಹಾಕಿದೆ. ವಯಸ್ಸಾಯಿತು, ಅದಕ್ಕೇ.

ಮಾರ್ಚ್ 17, ಭಾನುವಾರ

ಬೆಳಿಗ್ಗೆ ಚಹಾ ಕುಡಿಯುತ್ತಾ ಅವನು ನನ್ನ ಮುಖ ನೋಡಿ ಕೇಳಿದ: "ತುಟಿಗೆ ಏನಾಯ್ತಮ್ಮ?"

ನಾಟಕವಲ್ಲ. ನಿಜವಾಗಿ ಕೇಳಿದ.

ಮಾರ್ಚ್ 20, ಬುಧವಾರ

ಮೂರು ದಿನದಿಂದ ಮನೆ ತಣ್ಣಗಿದೆ. ಅವಳಿಗೆ ಹೊಸ ಫೋನು ತಂದ, ನನಗೊಂದು ಶಾಲು. ಅವಳ ಕಾಲ ಬಳಿ ಕೂತು ಅತ್ತ. ಹೊಡೆದಷ್ಟೇ ಜೋರಾಗಿ ಅಳುತ್ತಾನೆ, ಅವರಪ್ಪನ ಹಾಗೆಯೇ. ನಾನು ಅವಳಿಗೆ ಬುದ್ಧಿ ಹೇಳಿದೆ: ಗಂಡಸಿನ ಎದುರು ತಿಳಿದದ್ದನ್ನೂ ತಿಳಿಯದ ಹಾಗೆ ಇರಬೇಕು, ಹಗ್ಗ ಹರಿಯಬಾರದು ಕೋಲು ಮುರಿಯಬಾರದು.

ಅವಳು ಬಟ್ಟೆ ಮಡಚುತ್ತಾ ಕೇಳಿದಳು: "ಅತ್ತೆ, ನಿಮಗೆ ಎಷ್ಟು ಹೊಲಿಗೆ ಬಿದ್ದಿತ್ತು?"

"ಹನ್ನೊಂದು" ಎಂದೆ.

"ಯಾರು ಹಾಕಿದ್ರು?"

"ನಾನೇ. ಕನ್ನಡಿ ನೋಡ್ಕೊಂಡು."

ಅವಳು ಮಡಚುವುದನ್ನು ನಿಲ್ಲಿಸಿದಳು. ನನಗೆ ಸಿಟ್ಟು ಬಂತು. ಅವಳ ಮೇಲಲ್ಲ. ಯಾರ ಮೇಲೆಂದು ತಿಳಿಯದೆ ಒಂದು ಲೋಟ ಒಡೆದೆ. ಹುಡುಗಿ ಬೆಚ್ಚಿಬಿದ್ದು ಮೂಲೆಗೆ ಸರಿದು ತಲೆಯ ಮೇಲೆ ಎರಡೂ ಕೈ ಇಟ್ಟುಕೊಂಡಳು. ನನ್ನನ್ನು ನೋಡಿ! "ಅಯ್ಯೋ, ನಿನಗಲ್ಲ ಕಣೇ, ನಿನಗಲ್ಲ" ಎಂದೆ. ಗಾಜನ್ನು ನಾನೇ ಗುಡಿಸಿದೆ.

ಮಾರ್ಚ್ 25, ಸೋಮವಾರ

ಆಸ್ಪತ್ರೆಯಿಂದ ಈಗ ಬಂದೆ. ಇದು ಹೊಸ ಪುಸ್ತಕ. ಹಳೆಯದನ್ನು ನನ್ನ ಜೊತೆಗೇ ಬಂದ ಪೊಲೀಸಿನವರು ತೆಗೆದುಕೊಂಡು ಹೋದರು. ನಿನ್ನೆ ನಡೆದದ್ದನ್ನು ಬಿಡದೆ ಬರೆಯಬೇಕು.

ಮಧ್ಯಾಹ್ನ ಬಿಸಿಲಪ್ಪ ಕಾಗದ ಪತ್ರ ತಂದ. ಎರಡು ನಕ್ಷೆ ಮಾಡಿಸಿದ್ದ, ಒಂದು ರೋಡ್ ಕಡೆಗೆ, ಒಂದು ಹಿತ್ತಲ ಕಡೆಗೆ. "ಮನೆ ಯಜಮಾನ್ರು ನೀವಮ್ಮ. ಯಾವುದಕ್ಕೆ ಸಹಿ ಹಾಕ್ತೀರಿ?"

"ರೋಡ್ ಕಡೆ," ಅಂದ ನಮ್ಮವನು.

"ಕರೆಂಟು ಯಾವುದರಲ್ಲಿ ಜಾಸ್ತಿ ಬರುತ್ತಪ್ಪ?" ಎಂದು ಕೇಳಿದೆ.

"ಹಿಂದಿನದ್ರಲ್ಲಿ. ಮೇಡಂ ಬರೆದದ್ರಲ್ಲಿ."

"ಹಾಗಾದ್ರೆ ಅದೇ ಕೊಡು," ಎಂದು ಸಹಿ ಹಾಕಿದೆ. ಅವಳ ಪರ ವಹಿಸಿದ್ದೇನಲ್ಲ. ಕಾಸು ಕೊಟ್ಟು ನೆರಳಿಗೆ ಸೋಲಾರ್ ಹಾಕಿಸಲು ನನಗೇನು ತಲೆ ಕೆಟ್ಟಿದೆಯೇ?

ಬಿಸಿಲಪ್ಪ ಹೋದ. ನಮ್ಮವನು ಕೂಗಾಡಲಿಲ್ಲ. "ಬಾ, ಮೇಲೆ ಬಂದು ತೋರ್ಸು, ಎಲ್ಲಿ ಬರುತ್ತೆ ಅಂತ" ಎಂದು ಅವಳನ್ನು ಕರೆದ. ಅವಳು ನನ್ನ ಮುಖ ನೋಡಿದಳು. ಮೆಟ್ಟಿಲು ಹತ್ತಿದಳು.

ನಾನು ನೀರು ಕುದಿಯಲು ಇಟ್ಟೆ. ಇದನ್ನು ಬರೆಯಲೇಬೇಕು. ಅವರ ಹಿಂದೆ ಹತ್ತಲಿಲ್ಲ. ಮೊದಲು ಒಲೆ ಹಚ್ಚಿದೆ, ಸೂಜಿ ಹಾಕಿದೆ, ಉರಿ ಸಣ್ಣ ಮಾಡಿದೆ. ಆಮೇಲೆ ಹೋದೆ.

ಮೆಟ್ಟಿಲ ಬಾಗಿಲಿಗೆ ಬಂದಾಗ ಅವಳು ಹಿತ್ತಲ ಅಂಚಿನಲ್ಲಿದ್ದಳು. ಅಲ್ಲಿ ಗೋಡೆ ಮೊಣಕಾಲಿನವರೆಗೂ ಇಲ್ಲ. ಕಟ್ಟು ಹಾಕಿದ ಹೆಬ್ಬೆರಳಿನಿಂದ "ಇಲ್ಲಿಂದ ಇಲ್ಲಿಗೆ" ಎಂದು ತೋರಿಸುತ್ತಿದ್ದಳು. ಅವನು ಹಿಂದೆ ನಿಂತು ಎರಡೂ ಅಂಗೈಗಳನ್ನು ಅವಳ ಬೆನ್ನಿಗಿಟ್ಟು ತಳ್ಳಿದ. ಜಗಳವಿಲ್ಲ, ಎಳೆದಾಟವಿಲ್ಲ. ಕೆಟ್ಟುನಿಂತ ಗಾಡಿ ತಳ್ಳುತ್ತಾರಲ್ಲ, ಹಾಗೆ. ಕೆಳಗೆ ಬಟ್ಟೆ ಒಗೆಯುವ ಕಲ್ಲಿದೆ. ಅವಳು ಕೂಗಲಿಲ್ಲ, ಕಲ್ಲಿಗೆ ಬಡಿದ ಸದ್ದಷ್ಟೇ ಬಂತು.

ತಿರುಗಿದ, ನನ್ನನ್ನು ಕಂಡ. "ಕಾಲು ಜಾರ್ತಮ್ಮ. ನೋಡ್ದೆಯಲ್ಲಾ?"

ಕೆಳಗೆ ಓಡಿ ನೋಡಿದರೆ ಅವಳ ಭುಜದ ಮೂಳೆ ಚರ್ಮ ಸೀಳಿ ಹೊರಗೆ ಬಂದಿತ್ತು. ಪಾದ ಹಿಂದುಮುಂದಾಗಿತ್ತು. ಉಸಿರಿತ್ತು. ಅವನು "ಒಳಗೆ ಎತ್ಕೊಂಡು ಹೋಗೋಣ, ನೀನೇ ನೋಡಮ್ಮ" ಎಂದ. ನನ್ನ ಸೂಜಿಗೆ ನಿಲುಕುವ ಗಾಯವಲ್ಲ ಅದು. ನಾನು ರಸ್ತೆಗೆ ಓಡಿ ಆಟೋದ ಮುಂದೆ ನಿಂತೆ. ಅವನೂ ಹತ್ತಿಕೊಂಡ, ದಾರಿಯುದ್ದಕ್ಕೂ ನನ್ನ ಮಣಿಕಟ್ಟು ಹಿಡಿದೇ ಇದ್ದ. ನೀಲಿ ಗುರುತು ಬಿದ್ದಿದೆ.

ಎಮರ್ಜೆನ್ಸಿಯಲ್ಲಿ ಎಳೆಯ ನರ್ಸೊಬ್ಬಳು ಪೆನ್ನು ಹಿಡಿದು ಕೇಳಿದಳು: "ಹೇಗಾಯ್ತು?"

"ಸೋಲಾರ್‌ಗೆ ಅಳತೆ ನೋಡ್ತಿದ್ಲು, ಕಾಲು ಜಾರಿ ಬಿದ್ಲು," ಎಂದ ಅವನು.

ಅವಳು ಬರೆದುಕೊಂಡಳು. ನಾನೂ ಇದನ್ನೇ ಬರೆದವಳು. ಬಚ್ಚಲಲ್ಲಿ ಜಾರಿದಳು, ಬಾಗಿಲು ಬಡಿಯಿತು, ಮೆಟ್ಟಿಲು ತಪ್ಪಿದಳು. ಮೂವತ್ತೊಂದು ವರ್ಷ ಗಂಡಂದಿರು ಹೇಳಿದರು, ನಾನು ತಲೆ ಎತ್ತದೆ ಬರೆದೆ. ಈ ಹುಡುಗಿ ತಲೆ ಎತ್ತಿದಳು. ನನ್ನ ಒಡೆದ ತುಟಿ ನೋಡಿದಳು. "ನೀವು ಅಲ್ಲಿದ್ರಾ ಅಮ್ಮ?"

"ಇದ್ದೆ. ಇವನು ತಳ್ಳಿದ. ಎರಡೂ ಕೈಯಿಂದ."

ನನ್ನ ಬಾಯಿಂದಲೇ ಬಂತೇ ಎಂದು ನನಗೇ ಆಶ್ಚರ್ಯವಾಯಿತು. ಅವನು ಅಲ್ಲಿದ್ದ ಡ್ಯೂಟಿ ಡಾಕ್ಟರ ಕಡೆ ತಿರುಗಿ ಹಲ್ಲು ಕಚ್ಚಿ ನಕ್ಕ. "ಅಮ್ಮನಿಗೆ ಅರವತ್ತಕ್ಕೆ ಅರಳು ಮರಳು ಡಾಕ್ಟ್ರೇ. ನಾಲ್ಕು ವರ್ಷ ಸಂಸಾರ ಮಾಡಿದ್ದೀನಿ. ನಾನು ಹೊಡೆಯೋನಾಗಿದ್ರೆ ಇವಳ ಮೈಮೇಲೆ ಒಂದಾದ್ರೂ ಗುರುತು ಇರ್ಬೇಕಲ್ವಾ? ನೋಡಿ, ಎಲ್ಲಾದ್ರೂ ಕಾಣುತ್ತಾ?"

ಬೆರಳಿನ ಕಟ್ಟು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಕಾಣದ ಹಾಗೆ ಹೊಲಿದದ್ದು ಯಾರು? ನಾನು ಹುಬ್ಬಿನ ಕೂದಲು ಬೇರ್ಪಡಿಸಿ ತೋರಿಸಿದೆ, ಮೂರು. ನೆತ್ತಿಯ ಬೈತಲೆ ಸರಿಸಿದೆ, ಏಳು. ಕಿವಿಯ ಹಿಂದೆ ನಾಲ್ಕು, ಅದು ಹೋದ ವರ್ಷದ್ದು. ಗಲ್ಲದ ಕೆಳಗೆ ಎರಡು. ಹೆಬ್ಬೆರಳಿನ ಕಟ್ಟು ಬಿಚ್ಚಿದೆ. "ಎಲ್ಲಾ ನಾನೇ ಹಾಕಿದ್ದು ಡಾಕ್ಟ್ರೇ. ತಾರೀಕು ಬೇಕಾದ್ರೆ ಮನೇಲಿ ಬರೆದಿಟ್ಟಿದ್ದೀನಿ."

ಅವನು ನನ್ನ ಕುತ್ತಿಗೆಗೆ ಕೈ ಹಾಕಿದ. ಇಬ್ಬರು ವಾರ್ಡ್‌ಬಾಯ್‌ಗಳು, ಒಬ್ಬ ಸೆಕ್ಯೂರಿಟಿ ಸೇರಿ ಬಿಡಿಸಬೇಕಾಯಿತು. ನುಂಗಲು ನೋವಾಗುತ್ತದೆ.

ಮನೆಗೆ ಬಂದಾಗ ಆ ಪಾತ್ರೆ ಒಲೆಯ ಮೇಲೇ ಇತ್ತು. ನೀರು ಆರಿ, ಗ್ಯಾಸು ಮುಗಿದು, ಸೂಜಿ ಕಪ್ಪಾಗಿ ತಳಕ್ಕೆ ಅಂಟಿತ್ತು. ಪಾತ್ರೆ ಸಮೇತ ಕಸಕ್ಕೆ ಹಾಕಿದೆ.

ಮಾರ್ಚ್ 29, ಶುಕ್ರವಾರ

ಪೊಲೀಸಿನವರು ಹಿಡಿದೊಯ್ದಿದ್ದ ಅವನನ್ನು ಜಾಮೀನಿನ ಮೇಲೆ ಬಿಡುಗಡೆ ಮಾಡಿದ್ದಾರಂತೆ, ಮನೆಯ ಹತ್ತಿರ ಸುಳಿಯಬಾರದು ಎಂದು ಬರೆಸಿಕೊಂಡು. ಇವತ್ತು ಹುಡುಗಿಯನ್ನೂ ಆಸ್ಪತ್ರೆಯಿಂದ ಕಳಿಸಿದರು. ಭುಜಕ್ಕೆ, ಕಾಲಿಗೆ ಪ್ಲಾಸ್ಟರ್. ಅವಳಕ್ಕ ಕರೆದುಕೊಂಡು ಹೋಗಲು ಬಂದಿದ್ದಳು.

"ನಮ್ಮನೆಗೇ ಬಾ. ಮನೆ ನನ್ನದು, ಅವನನ್ನು ಹೊಸ್ತಿಲು ದಾಟೋಕೆ ಬಿಡಲ್ಲ. ನಾನು ನೋಡ್ಕೋತೀನಿ," ಎಂದೆ.

"ನೀವು ನೋಡ್ಕೊಳ್ತಿದ್ರಿ ಅತ್ತೆ," ಎಂದಳು. "ನೀವು ನೀರಿಡೋ ಸದ್ದು ನಂಗೆ ಪ್ರತಿ ಸಲ ಕೇಳಿಸ್ತಿತ್ತು. ಅವ್ರು ಕೈ ಎತ್ತೋಕೆ ಮುಂಚೆನೇ. ಆಗ ಗೊತ್ತಾಗ್ತಿತ್ತು, ಇವತ್ತು ಬೀಳುತ್ತೆ ಅಂತ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಕಾಲ ಬಳಿ ಕೂತು ಕ್ಷಮಿಸು ಎನ್ನಬೇಕೆನಿಸಿತು. ಕೂತು ಅಳುವವರನ್ನು ಅವಳು ಸಾಕಷ್ಟು ನೋಡಿದ್ದಾಳೆ. ನಿಂತೇ ಇದ್ದೆ.

"ಒಂದು ಕೇಳ್ತೀನಿ. ಅವ್ರು ಬಂದು ಬಾಗಿಲಲ್ಲಿ ನಿಂತು 'ಅಮ್ಮಾ' ಅಂತ ಅತ್ರೆ, ತೆಗೆಯಲ್ವಾ ನೀವು?"

ಬಾಯಿ ತೆರೆದೆ. 'ಇಲ್ಲ' ಎಂಬುದು ಬರಲೇ ಇಲ್ಲ. ಒಂಬತ್ತು ತಿಂಗಳು ಹೊತ್ತ ಹೊಟ್ಟೆ ಅಡ್ಡ ನಿಂತಿತು. ಅವಳು ಅಕ್ಕನ ಭುಜ ಹಿಡಿದುಕೊಂಡು ಆಟೋ ಹತ್ತಿದಳು. ಹೋದದ್ದೇ ಸರಿ.

ಏಪ್ರಿಲ್ 2, ಮಂಗಳವಾರ

ಬೆಳಿಗ್ಗೆ ಬಿಸಿಲಪ್ಪ ಫೋನ್ ಮಾಡಿ, ಕೆಲಸ ಶುರು ಮಾಡಲೇ ಎಂದು ಕೇಳಿದ. ನಕ್ಷೆ ಬರೆದವಳನ್ನು ಕೇಳು, ಅವಳು ಹೇಳಿದ ದಿನ ಬಾ ಎಂದು ಅಕ್ಕನ ಮನೆಯ ನಂಬರು ಕೊಟ್ಟೆ. ಅವಳು ಬರದಿದ್ದರೆ ತಾರಸಿ ಬರಿದಾಗಿಯೇ ಇರಲಿ.

ಹನ್ನೊಂದಕ್ಕೆ ಬಾಗಿಲು ತಟ್ಟಿದ ಸದ್ದು. "ಅಮ್ಮಾ."

ಕಿಟಕಿಯ ಸಂದಿಯಿಂದ ನೋಡಿದೆ. ಗಡ್ಡ ಬಂದಿದೆ, ಅಂಗಿಯ ಗುಂಡಿ ತಪ್ಪಿಸಿ ಹಾಕಿಕೊಂಡಿದ್ದಾನೆ. ಮೂರು ದಿನದಿಂದ ಊಟವಿಲ್ಲ ಎಂದ. ತಪ್ಪಾಯ್ತಮ್ಮ ಎಂದು ಹಣೆಯನ್ನು ಬಾಗಿಲಿಗೆ ಒತ್ತಿ ಅತ್ತ. ಅವನು ಸುಳ್ಳು ಅಳುವುದಿಲ್ಲ, ಅದೇ ಕಷ್ಟ. ನನ್ನ ಕೈ ಚಿಲಕದ ಮೇಲಿತ್ತು. ಯಾವಾಗ ಇಟ್ಟೆನೋ ಗೊತ್ತಿಲ್ಲ. ಅರ್ಧ ಸರಿಸಿಯೂ ಇದ್ದೆ.

"ಸ್ಟೇಷನ್‌ಗೆ ಹೋಗಿ, ಅವಳೇ ಜಾರಿ ಬಿದ್ಲು ಅಂತ ಒಂದು ಮಾತು ಹೇಳಮ್ಮ. ನಿನಗೆ ನಾನು ಬೇಕೋ, ಆ ಹಾದಿಬೀದಿಯವಳು ಬೇಕೋ?"

ಚಿಲಕವನ್ನು ಮತ್ತೆ ಪೂರ್ತಿ ಹಾಕಿದೆ. ಸದ್ದು ಅವನಿಗೂ ಕೇಳಿಸಿತು.

ಅಳು ನಿಂತಿತು. ಬೂಟು ಶುರುವಾಯಿತು. ಮೂರನೆಯ ಒದೆತಕ್ಕೆ ಬಾಗಿಲ ಹಲಗೆ ಸೀಳಿತು. ಕಿಟಕಿಯಿಂದ ಕಲ್ಲು ಬಂತು, ಗಾಜು ಸಿಡಿದು ನನ್ನ ಮುಂಗೈ ಕುಯ್ಯಿತು. ಐದು ಹೊಲಿಗೆಯಾದರೂ ಬೇಕು, ಆಸ್ಪತ್ರೆಗೆ ಹೋಗಬೇಕು. "ಸುಟ್ಹಾಕ್ತೀನಿ ಮುದುಕಿ, ನಿನ್ನನ್ನೂ ಮನೇನೂ ಸೇರ್ಸಿ ಸುಟ್ಹಾಕ್ತೀನಿ," ಎಂದು ಕೂಗಿದ. ನನ್ನದೇ ದನಿ ಅವನಿಗೆ ಬಂದಿದೆ ಎಂದು ಚಿಕ್ಕವನಿದ್ದಾಗ ಎಲ್ಲರೂ ಹೇಳುತ್ತಿದ್ದರು.

ರಕ್ತ ಸೋರುವ ಕೈಯಲ್ಲೇ ಪೊಲೀಸ್ ಠಾಣೆಯ ನಂಬರು ಒತ್ತಿದೆ. ಅತ್ತ ಕಡೆಯವನು, ಯಾರು ಗಲಾಟೆ ಮಾಡ್ತಿರೋದು, ಗುರುತಿದೆಯಾ ಎಂದು ಕೇಳಿದ.

"ಇದೆಯಪ್ಪ. ನನ್ನ ಮಗ. ಸ್ವಂತ ಮಗ, ಒಬ್ಬನೇ ಮಗ. ಬಾಗಿಲು ಮುರಿಯೋದ್ರಲ್ಲಿದ್ದಾನೆ, ಬೇಗ ಬನ್ನಿ. ವಿಳಾಸ ಬರ್ಕೊಳ್ಳಿ."